ಅಂಗಳದ ಹಸಿರು ಹಾಸು: ಕೃತಕ ಹುಲ್ಲು, ಇಂಟರ್‌ಲಾಕ್ ಮತ್ತು ಭೂಬಳಕೆಯ ನಿಯಮಗಳು

ಕೆಲವು ತಿಂಗಳ ಹಿಂದೆ ಅಜೆಕಾರು ಕಡೆಯ ವ್ಯಾಪಾರಿಯೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಹಾರ್ಡ್‌ವೇರ್ ಅಂಗಡಿ, ಜತೆಗೆ ಒಂದಿಷ್ಟು ಕೃಷಿ. ಅವರ ಪ್ರಶ್ನೆ ಒಂದೇ ವಾಕ್ಯದ್ದು: "ಸರ್, ಪ್ಲಾಸ್ಟಿಕ್ ಹುಲ್ಲಿಗೆ ಜಿಎಸ್‌ಟಿ ಎಷ್ಟು?" ವಿಚಾರಿಸಿದಾಗ ತಿಳಿದುದೇನೆಂದರೆ, ಮನೆಯ ಮುಂದಿನ ಮೂರು ಸೆಂಟ್ಸ್ ಅಂಗಳಕ್ಕೆ ಕೃತಕ ಹುಲ್ಲು ಹಾಸಬೇಕು, ಮನೆಯಿಂದ ಸ್ವಲ್ಪ ಕೆಳಗೆ, ಬೇಸಾಯ ನಿಂತು ಹಲವು ವರ್ಷಗಳಾಗಿರುವ ನಲವತ್ತು ಸೆಂಟ್ಸ್ ಮಜಲು ಗದ್ದೆಯಲ್ಲಿ ಅದೇ ಹುಲ್ಲಿನ ಆಟದ ಅಂಗಣ ಮಾಡಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಬೇಕು. ಗದ್ದೆಗೆ ಕೆಂಪು ಮಣ್ಣು ತುಂಬಿಸಿ ಮಟ್ಟ ಮಾಡುವ ಕೆಲಸ ಆಗಲೇ ಮುಗಿದಿತ್ತು. ಮೊದಲ ಮಳೆಗೇ ಕೆಳಗಿನ ಅಡಿಕೆ ತೋಟಕ್ಕೆ ಕೆಸರು ನೀರು ನುಗ್ಗಿ, ನೆರೆಯವರು ಪಂಚಾಯತಿಗೆ ದೂರು ಕೊಟ್ಟಿದ್ದರು. ಜಿಎಸ್‌ಟಿ ದರ ಅವರ ತೊಂದರೆಗಳಲ್ಲಿ ಅತ್ಯಂತ ಚಿಕ್ಕದಾಗಿತ್ತು.

ಸದಸ್ಯ ಬಾಂಧವರಲ್ಲಿ ಅನೇಕರು ಮನೆಯಂಗಳಕ್ಕೊ, ಅಂಗಡಿ ಯಾ ಕಾರ್ಖಾನೆಯ ಮುಂಭಾಗಕ್ಕೊ ಇಂಟರ್‌ಲಾಕ್, ಕಾಂಕ್ರೀಟು ಅಥವಾ ಕೃತಕ ಹುಲ್ಲನ್ನು ಹಾಸುತ್ತಿರುವುದರಿಂದಲೂ, ಕೆಲವರು ಟರ್ಫ್ ಅಂಗಣದ ವ್ಯವಹಾರಕ್ಕೆ ಇಳಿಯುವ ಯೋಚನೆಯಲ್ಲಿರುವುದರಿಂದಲೂ ಈ ವಿಷಯವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಉಚಿತವೆಂದು ಭಾವಿಸುತ್ತೇನೆ.

ಹೊರದೇಶಗಳಲ್ಲಿ ಏನಿದೆ

ಕೃತಕ ಹುಲ್ಲು ಅಮೆರಿಕದಲ್ಲಿ 1960ರ ದಶಕದಲ್ಲಿ ಬಂದ ವಸ್ತು. 1966ರಲ್ಲಿ ಹ್ಯೂಸ್ಟನ್ ನಗರದ ಆಸ್ಟ್ರೋಡೋಮ್ ಎಂಬ ಮುಚ್ಚಿದ ಕ್ರೀಡಾಂಗಣದಲ್ಲಿ ಹಾಸಿದ ಬಳಿಕ ಅದಕ್ಕೆ ಆಸ್ಟ್ರೋಟರ್ಫ್ ಎಂಬ ಹೆಸರೇ ಬಿತ್ತು. ಕ್ರಮೇಣ ಮನೆಗಳ ಅಂಗಳಕ್ಕೂ ಬಂದಾಗ ಅಲ್ಲಿನ ಸ್ಥಳೀಯ ಸಂಸ್ಥೆಗಳು ನೇರವಾಗಿ ಹುಲ್ಲಿನ ಬಗ್ಗೆಯೇ ನಿಯಮ ಮಾಡಿದವು. ಕ್ಯಾಲಿಫೋರ್ನಿಯಾದಲ್ಲಿ ಬರಗಾಲದ ಕಾರಣ 2015ರಲ್ಲಿ ಒಂದು ಕಾನೂನು ಮಾಡಿ, ವಾಸದ ಮನೆಗಳಲ್ಲಿ ಕೃತಕ ಹುಲ್ಲನ್ನು ಯಾವ ನಗರವೂ ನಿಷೇಧಿಸಬಾರದೆಂದರು. ಪ್ಲಾಸ್ಟಿಕ್ ಕಣಗಳ ಚಿಂತೆ ಹೆಚ್ಚಿದ ಮೇಲೆ 2023ರಲ್ಲಿ ಅದೇ ರಾಜ್ಯ ಇನ್ನೊಂದು ಕಾನೂನಿನ ಮೂಲಕ ನಿಷೇಧಿಸುವ ಅಧಿಕಾರವನ್ನು ನಗರಗಳಿಗೆ ಹಿಂತಿರುಗಿಸಿತು. ಎಂಟು ವರ್ಷಗಳಲ್ಲಿ ನಿಯಮ ಪೂರ್ತಿ ತಿರುಗಿ ನಿಂತಿತು. ಐರೋಪ್ಯ ಒಕ್ಕೂಟವು 2023ರ ನಿಯಮದಲ್ಲಿ, ಕೃತಕ ಹುಲ್ಲಿನ ಎಳೆಗಳ ನಡುವೆ ತುಂಬುವ ರಬ್ಬರ್ ಹಾಗೂ ಪ್ಲಾಸ್ಟಿಕ್ ಹರಳುಗಳ ಮಾರಾಟವನ್ನು ಎಂಟು ವರ್ಷಗಳ ಕಾಲಾವಕಾಶ ಕೊಟ್ಟು, 2031ರಿಂದ ನಿಲ್ಲಿಸಲು ತೀರ್ಮಾನಿಸಿದೆ. ಈ ಹರಳುಗಳನ್ನು ತಯಾರಿಸುವ ಅಥವಾ ಹಳೆ ಟೈರಿನ ಪುಡಿ ಮಾರುವ ಸದಸ್ಯರಿದ್ದರೆ ಈ ತಾರೀಕನ್ನು ನೆನಪಿಡುವುದು ಒಳ್ಳೆಯದು.

ನನಗೆ ಹೆಚ್ಚು ಪ್ರಸ್ತುತವೆನಿಸುವುದು ಇಂಗ್ಲೆಂಡಿನ ನಿಯಮ. ಅಲ್ಲಿ 2008ರ ಅಕ್ಟೋಬರ್ 1ರಿಂದ, ಮನೆಯ ಮುಂದಿನ ತೋಟದಲ್ಲಿ 5 ಚದರ ಮೀಟರಿಗಿಂತ ಹೆಚ್ಚು ಜಾಗವನ್ನು ನೀರು ಇಂಗದ ವಸ್ತುವಿನಿಂದ ಮುಚ್ಚಬೇಕಾದರೆ, ಅದರ ಮೇಲೆ ಬಿದ್ದ ನೀರು ಅದೇ ಹಿತ್ತಿಲಿನ ಮಣ್ಣಿಗೆ ಇಂಗುವ ವ್ಯವಸ್ಥೆ ಇಲ್ಲದಿದ್ದಲ್ಲಿ, ಯೋಜನಾ ಅನುಮತಿ ಪಡೆಯಬೇಕು. ಮೇಲೆ ಏನು ಹಾಸಿದ್ದೀರಿ ಎಂಬುದಕ್ಕಿಂತ ನೀರು ಎಲ್ಲಿಗೆ ಹೋಗುತ್ತದೆ ಎಂಬುದೇ ಅಲ್ಲಿನ ಪ್ರಶ್ನೆ. ನಮ್ಮ ಒಂದು ಸೆಂಟ್ಸ್ ಎಂದರೆ 40 ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಅಂದರೆ ಅವರು ಅನುಮತಿ ಕೇಳುವ ಮಿತಿ ನಮ್ಮ ಸೆಂಟ್ಸಿನ ಎಂಟನೇ ಒಂದು ಪಾಲು ಮಾತ್ರ! ಅದೂ ನಮ್ಮ ಮಳೆಯಲ್ಲಿ ಒಂದಂಶವೂ ಬಾರದ ಊರುಗಳಿರುವ ದೇಶದಲ್ಲಿ.

ನಮ್ಮ ಕಾನೂನು ಹುಲ್ಲನ್ನು ನೋಡುವುದಿಲ್ಲ

1964ರ ಕರ್ನಾಟಕ ಭೂಕಂದಾಯ ಕಾಯ್ದೆ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, ಈ ಮೂರರಲ್ಲಿ ಎಲ್ಲಿಯೂ ಕೃತಕ ಹುಲ್ಲು ಎಂಬ ಶಬ್ದವಿಲ್ಲ. ಇದರಿಂದ "ನಿಯಮವೇ ಇಲ್ಲ, ಹಾಸಿಬಿಡೋಣ" ಎಂಬ ತೀರ್ಮಾನಕ್ಕೆ ಬರುವವರು ಬಹಳ ಮಂದಿ. ನಮ್ಮ ಕಾನೂನು ಕೇಳುವ ಪ್ರಶ್ನೆಗಳು ಬೇರೆ: ಹುಲ್ಲಿನ ಅಡಿಯಲ್ಲಿರುವ ಭೂಮಿ ಯಾವ ಜಾತಿಯದು, ಅದರ ಮೇಲೆ ನಡೆಯುವ ಉಪಯೋಗ ಯಾವುದು, ಮತ್ತು ಅಲ್ಲಿಂದ ನೀರು ಎತ್ತ ಹರಿಯುತ್ತದೆ. ಒಂದೇ ಸುರುಳಿಯಿಂದ ಕತ್ತರಿಸಿದ ಎರಡು ತುಂಡು ಹುಲ್ಲು, ಒಂದು ಮನೆಯಂಗಳದಲ್ಲೂ ಇನ್ನೊಂದು ಗದ್ದೆಯಲ್ಲೂ ಇದ್ದರೆ, ಕಾನೂನಿನ ದೃಷ್ಟಿಯಲ್ಲಿ ಅವು ಎರಡು ಬೇರೆ ವಿಷಯಗಳು.

ಮನೆಯಂಗಳದ ವಿಷಯ ಸುಲಭವಾದುದರಿಂದ ಅದನ್ನು ಮೊದಲು ಮುಗಿಸೋಣ. ಪರಿವರ್ತನೆಯಾದ, ಮನೆ ನಂಬ್ರ ಇರುವ ನಿವೇಶನದಲ್ಲಿ ಅಂಗಳಕ್ಕೆ ಹುಲ್ಲು ಹಾಸುವುದು ಕಟ್ಟಡ ನಿರ್ಮಾಣವಲ್ಲ. ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣವಾಗಲಿ, ಪುರಸಭೆ ವ್ಯಾಪ್ತಿಯಲ್ಲಾದರೆ 1964ರ ಪುರಸಭೆಗಳ ಕಾಯ್ದೆಯ 187ನೇ ಪ್ರಕರಣವಾಗಲಿ ಅನುಮತಿ ಕೇಳುವುದು ಕಟ್ಟಡ ಕಟ್ಟುವುದಕ್ಕೆ. ಆದರೆ ಮಂಜೂರಾದ ನಕ್ಷೆಯಲ್ಲಿ ಕಟ್ಟಡದ ಸುತ್ತ ಬಿಟ್ಟ ಖಾಲಿ ಜಾಗ ಆಕಾಶಕ್ಕೆ ತೆರೆದೇ ಇರಬೇಕು. ಹುಲ್ಲು ಬಿಸಿಲಿಗೆ ಹಾಳಾಗಬಾರದೆಂದು ಮೇಲೆ ತಗಡಿನ ಮಾಡು ಎಬ್ಬಿಸಿದ ದಿನ ಅದು ನಕ್ಷೆಯ ಉಲ್ಲಂಘನೆಯಾಗುತ್ತದೆ. ಕಾರ್ಖಾನೆಗಳಲ್ಲಿ ಈ ತಪ್ಪು ಸಾಮಾನ್ಯ. ಗೇರುಬೀಜದ ಘಟಕವಿರಲಿ, ಜಂಬಿಟ್ಟಿಗೆಯ ದಾಸ್ತಾನಿರಲಿ, ಮೊದಲು ನೆಲಕ್ಕೆ ಹಾಸು, ಬಳಿಕ ಹಾಸಿಗೆ ಮಾಡು, ಆ ಮೇಲೆ ಮಾಡಿಗೆ ಗೋಡೆ ಎಂಬ ಕ್ರಮದಲ್ಲಿ ಅದು ಬೆಳೆಯುತ್ತದೆ.

ಬಡಾವಣೆಗಳಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ನಿವಾಸಿಗಳೇ ಸೇರಿ ಟರ್ಫ್ ಅಂಗಣ ಮಾಡಿ ಬಾಡಿಗೆಗೆ ಬಿಡುವ ಯೋಚನೆಯೂ ಕೇಳಿಬರುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟುದನ್ನು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ, ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ, ಒಪ್ಪಲಿಲ್ಲ. ಆಸ್ಪತ್ರೆಯಂತಹ ಉಪಯೋಗಕ್ಕೇ ಒಪ್ಪದ ಮೇಲೆ ಬಾಡಿಗೆಯ ಅಂಗಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1985ರಿಂದ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗೆ ನಮ್ಮ ರಾಜ್ಯದಲ್ಲಿ ಪ್ರತ್ಯೇಕ ಕಾಯ್ದೆಯೇ ಇದೆ.

ಗದ್ದೆಯ ಮೇಲಿನ ಹುಲ್ಲು

ಈಗ ನಲವತ್ತು ಸೆಂಟ್ಸಿನ ಗದ್ದೆಗೆ ಬರೋಣ. ಭೂಕಂದಾಯ ಕಾಯ್ದೆಯ 95ನೇ ಪ್ರಕರಣದ ಪ್ರಕಾರ, ಕೃಷಿಗೆಂದು ಕಂದಾಯ ನಿಗದಿಯಾದ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸುವ ಮೊದಲು ಜಿಲ್ಲಾಧಿಕಾರಿಯವರ ಅನುಮತಿ ಪಡೆಯಬೇಕು. ಬೇಸಾಯ ನಿಂತು ಹತ್ತಿಪ್ಪತ್ತು ವರ್ಷವಾಯಿತೆಂಬ ಕಾರಣಕ್ಕೆ ಭೂಮಿ ತಾನಾಗಿ ಕೃಷಿಯೇತರವಾಗುವುದಿಲ್ಲ. ಪಹಣಿಯಲ್ಲಿ ಏನಿದೆಯೋ ಅದೇ ಸತ್ಯ. ಅನುಮತಿಯಿಲ್ಲದೆ ಬಳಸಿದರೆ 96ನೇ ಪ್ರಕರಣದ ದಂಡ ಮತ್ತು ತೆರವಿನ ಕ್ರಮ ಎದುರಾಗುತ್ತದೆ. "ಕಟ್ಟಡವೇ ಕಟ್ಟುತ್ತಿಲ್ಲವಲ್ಲ, ಬರೀ ಹುಲ್ಲು ಹಾಸುತ್ತಿದ್ದೇನೆ" ಎಂಬ ವಾದ ಇಲ್ಲಿ ನಿಲ್ಲದು. ಪ್ರಕರಣ ಹೇಳುವುದು ಉದ್ದೇಶದ ಬದಲಾವಣೆಯನ್ನು. ಕಟ್ಟಡವಿರಬೇಕೆಂದು ಅದು ಹೇಳುವುದಿಲ್ಲ.

ಹಿರಿಯರು ಇಲ್ಲಿ ಇನ್ನೊಂದು ಮಾತು ಹೇಳುತ್ತಾರೆ: "ನಮ್ಮ ಜಿಲ್ಲೆಗೆ ಆ ಪರವಾನಿಗೆ ಬೇಡ, ತಹಶೀಲ್ದಾರರಿಗೊಂದು ನೋಟಿಸು ಕೊಟ್ಟು ದಂಡ ಕಟ್ಟಿದರೆ ಸಾಕು." ಈ ಮಾತಿಗೆ ಆಧಾರವಿಲ್ಲದಿಲ್ಲ. ಮಂಗಳೂರು ನಗರವನ್ನು ಬಿಟ್ಟು ಹಳೆಯ ದಕ್ಷಿಣ ಕನ್ನಡ ಜಿಲ್ಲೆಗೆ 95ನೇ ಪ್ರಕರಣದಲ್ಲಿಯೇ ಅಂಥದೊಂದು ವಿಶೇಷ ಉಪಪ್ರಕರಣವನ್ನು ಸೇರಿಸಲಾಗಿತ್ತು. ಉಡುಪಿ ಜಿಲ್ಲೆ 1997ರಲ್ಲಿ ಅದರಿಂದಲೇ ಬೇರ್ಪಟ್ಟದ್ದು. ಆದರೆ ಅದೇ ಉಪಪ್ರಕರಣವು, ಭೂಸುಧಾರಣೆ ಕಾಯ್ದೆಯ 48-ಎ ಪ್ರಕರಣದಂತೆ ಅಧಿಭೋಗದಾರನೆಂದು ನೋಂದಣಿಯಾದವನನ್ನು ಈ ಅನುಕೂಲದಿಂದ ಹೊರಗಿಟ್ಟಿದೆ. ನಮ್ಮೂರುಗಳಲ್ಲಿ ಡಿಕ್ಲರೇಶನಿನಲ್ಲಿ ಬಂದ ಜಾಗ ಎಷ್ಟಿದೆ ಎಂಬುದು ಓದುಗರಿಗೇ ಗೊತ್ತು. ನಮ್ಮ ವ್ಯಾಪಾರಿಯ ಗದ್ದೆಯೂ ತಂದೆಯ ಕಾಲದಲ್ಲಿ ಹಾಗೆಯೇ ಬಂದದ್ದು. ಇನ್ನು ವ್ಯಾವಹಾರಿಕವಾಗಿ ನೋಡಿದರೂ, ಪರಿವರ್ತನೆ ಆದೇಶವಿಲ್ಲದೆ ಇ-ಸ್ವತ್ತಿನ ನಮೂನೆ 9 ಮತ್ತು 11 ಸಿಗುವುದು ಕಷ್ಟ. ಅವಿಲ್ಲದೆ ಬ್ಯಾಂಕು ಸಾಲ ಕೊಡದು. ಆದುದರಿಂದ ನನ್ನ ಸಲಹೆ ಸರಳ: ಹಳೆಯ ಉಪಪ್ರಕರಣವನ್ನು ನೆಚ್ಚಿಕೊಳ್ಳದೆ ಅರ್ಜಿ ಹಾಕಿ ಆದೇಶ ಪಡೆಯಿರಿ. ಅರ್ಜಿಯನ್ನು ಈಗ ಪ್ರಮಾಣಪತ್ರದೊಂದಿಗೆ ಆನ್‌ಲೈನ್ ಮೂಲಕ ಸಲ್ಲಿಸಬಹುದಾಗಿದೆ. ಜಾಗದ ಒಂದು ಭಾಗಕ್ಕೆ ಮಾತ್ರ ಪರಿವರ್ತನೆ ಬೇಕಿದ್ದರೆ 11-ಇ ನಕ್ಷೆ ಬೇಕಾಗುತ್ತದೆ. ಮೋಜಣಿಯವರ ಸರದಿಗೆ ಕಾಯಬೇಕಾಗಿರುವುದರಿಂದ ಅದನ್ನು ಮೊದಲೇ ಮಾಡಿಸಿಕೊಳ್ಳಬೇಕು. ಅರ್ಜಿಯಲ್ಲಿ ಉದ್ದೇಶವನ್ನು ಸರಿಯಾಗಿ ಬರೆಯುವುದೂ ಮುಖ್ಯ. ವಾಸದ ಉದ್ದೇಶಕ್ಕೆ ಪರಿವರ್ತಿಸಿದ ಜಾಗದಲ್ಲಿ ಬಾಡಿಗೆಯ ಅಂಗಣ ನಡೆಸಿದರೆ ಮತ್ತೆ ಅದೇ ಪ್ರಶ್ನೆ ಏಳುತ್ತದೆ.

ಕುಮ್ಕಿಯ ವಿಷಯದಲ್ಲಿ ಒಂದು ಎಚ್ಚರಿಕೆ. ವರ್ಗ ಜಾಗಕ್ಕೆ ತಾಗಿ ನೂರು ಗಜದೊಳಗಿರುವ ಕುಮ್ಕಿಯಲ್ಲಿ ವರ್ಗದಾರನಿಗೆ ಸೊಪ್ಪು, ಸೌದೆ, ಮೇವಿನ ಸೌಲಭ್ಯವಿದೆಯೇ ಹೊರತು ಒಡೆತನವಿಲ್ಲ. 79ನೇ ಪ್ರಕರಣ ಕಾಪಾಡಿರುವುದು ಆ ಸೌಲಭ್ಯವನ್ನು ಮಾತ್ರ. ಮುರಕಲ್ಲಿನ ಸಪಾಟಾದ ಪದವು, ರಸ್ತೆಯ ಬದಿ, ಅಂಗಣಕ್ಕೆ ಹೇಳಿ ಮಾಡಿಸಿದಂತಿದೆ ಎಂದು ತೋರುವ ಜಾಗ ಬಹಳ ಸಲ ಕುಮ್ಕಿಯೇ ಆಗಿರುತ್ತದೆ. ಅಲ್ಲಿ ಹಾಕಿದ ಬಂಡವಾಳಕ್ಕೆ ಯಾವ ರಕ್ಷಣೆಯೂ ಇಲ್ಲ.

ಯೋಜನಾ ಪ್ರದೇಶ ಒಳಗೋ ಹೊರಗೋ

ಯೋಜನಾ ಕಾಯ್ದೆಯಲ್ಲಿ ಅಭಿವೃದ್ಧಿ ಎಂಬುದಕ್ಕೆ ಕೊಟ್ಟಿರುವ ಅರ್ಥ ಬಹಳ ವಿಶಾಲವಾದುದು. ಭೂಮಿಯ ಮೇಲೆ, ಒಳಗೆ ಅಥವಾ ತಳದಲ್ಲಿ ನಡೆಸುವ ಕಟ್ಟಡ ಹಾಗೂ ಇಂಜಿನಿಯರಿಂಗ್ ಕಾಮಗಾರಿಗಳಷ್ಟೇ ಅಲ್ಲ, ಭೂಮಿಯ ಉಪಯೋಗದಲ್ಲಿ ಮಾಡುವ ಗಣನೀಯ ಬದಲಾವಣೆಯೂ ಅಭಿವೃದ್ಧಿಯೇ. ಮಣ್ಣು ತುಂಬಿಸಿ, ಜಲ್ಲಿ ಹಾಕಿ, ಕಂಬ ನೆಟ್ಟು, ಬಲೆ ಕಟ್ಟಿ, ದೀಪ ಹಾಕಿದ ಅಂಗಣ ಈ ಅರ್ಥದೊಳಗೆ ಬರುವುದಿಲ್ಲವೆಂದು ವಾದಿಸುವುದು ಕಷ್ಟ. ಉಡುಪಿ ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಯಲ್ಲಾಗಲಿ (ಮಣಿಪಾಲ ಉಡುಪಿ ನಗರಸಭೆಗೆ ಸೇರಿದುದು), ಕಾಪು, ಕಾರ್ಕಳ ಯೋಜನಾ ಪ್ರಾಧಿಕಾರಗಳ ವ್ಯಾಪ್ತಿಯಲ್ಲಾಗಲಿ, ನಿಮ್ಮ ಸರ್ವೆ ನಂಬ್ರ ಇದೆಯೇ ಎಂಬುದನ್ನು ಮೊದಲು ಬರವಣಿಗೆಯಲ್ಲಿ ತಿಳಿದುಕೊಳ್ಳಬೇಕು. ಊರಿನ ಹೆಸರು ಹೇಳಿ ಕೇಳಿದರೆ ಸಾಲದು, ಗಡಿ ಸರ್ವೆ ನಂಬ್ರದ ಮೇಲೆ ಹೋಗುತ್ತದೆ. ವ್ಯಾಪ್ತಿಯೊಳಗಿದ್ದರೆ ಮಹಾಯೋಜನೆಯ ವಲಯ ನಿಯಮಗಳಲ್ಲಿ ಆ ಜಾಗ ವಸತಿ, ವಾಣಿಜ್ಯ, ಕೈಗಾರಿಕೆ, ಸಾರ್ವಜನಿಕ ಉಪಯೋಗ, ಉದ್ಯಾನ, ಕೃಷಿ ಇವುಗಳಲ್ಲಿ ಯಾವುದೆಂದು ನೋಡಿ, ಆ ವಲಯದಲ್ಲಿ ನೇರವಾಗಿ ಅನುಮತಿಸಿದ ಉಪಯೋಗಗಳ ಪಟ್ಟಿಯಲ್ಲಿ ಆಟದ ಅಂಗಣ ಇದೆಯೇ, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಅನುಮತಿಸಬಹುದಾದ ಪಟ್ಟಿಯಲ್ಲಿದೆಯೇ ಎಂದು ಓದಬೇಕು. ಎರಡರಲ್ಲೂ ಇಲ್ಲದಿದ್ದರೆ 14-ಎ ಪ್ರಕರಣದ ಭೂಬಳಕೆ ಬದಲಾವಣೆಯ ದಾರಿ ಇದೆ. ಅದು ಉದ್ದವಾದ ದಾರಿ.

ಕಾಪು ಕಡೆಯ ಕಡಲ ತೀರದವರಿಗೆ ಇವುಗಳ ಜತೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ಅನ್ವಯಿಸುತ್ತದೆ. ಅದು 1991, 2011, 2019 ಎಂದು ಮೂರು ಬಾರಿ ಬದಲಾಗಿರುವುದರಿಂದ ನೆರೆಯವರಿಗೆ ಹಿಂದೆ ಸಿಕ್ಕ ಅನುಮತಿಯನ್ನು ನೋಡಿ ಮುಂದುವರಿಯಬಾರದು.

ನೀರಿನ ಲೆಕ್ಕ

ಅಧಿಕಾರಿಗಳು ನೋಟಿಸು ಕೊಡುವ ಮೊದಲೇ ನೆರೆಯವರು ದೂರು ಕೊಡುತ್ತಾರೆ, ಮತ್ತು ಆ ದೂರು ಬಹುತೇಕ ನೀರಿನದು. ಕಾರ್ಕಳ ಸೀಮೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಮೂರು ಸೆಂಟ್ಸ್ ಅಂಗಳ ಎಂದರೆ ಸುಮಾರು 121 ಚದರ ಮೀಟರು. 4,000 ಮಿ.ಮೀ. ಎಂದೇ ಹಿಡಿದರೂ ಅದರ ಮೇಲೆ ವರ್ಷಕ್ಕೆ 4,85,000 ಲೀಟರ್ ನೀರು ಸುರಿಯುತ್ತದೆ. ಸೆಗಣಿ ಸಾರಿಸಿದ ಹಳೆಯ ಮಣ್ಣಿನ ಅಂಗಳ, ಸುತ್ತಲಿನ ಗರಿಕೆ, ಪಾಗಾರದ ಬುಡದ ತೋಡು ಇವೆಲ್ಲ ಸೇರಿ ಅದರಲ್ಲಿ ಒಂದು ಪಾಲನ್ನು ಕುಡಿದುಕೊಳ್ಳುತ್ತಿದ್ದವು. ಕಾಂಕ್ರೀಟಿನ ಮೇಲೆ ಬಿದ್ದುದರಲ್ಲಿ ಬಹುಪಾಲು ಹರಿದೇ ಹೋಗುತ್ತದೆ.

ನಲವತ್ತು ಸೆಂಟ್ಸ್ ಅಂಗಣಕ್ಕಾದರೆ, ಒಂದೇ ದಿನ 100 ಮಿ.ಮೀ. ಮಳೆ ಬಂದರೆ (ಜುಲೈಯಲ್ಲಿ ಇದು ನಮಗೆ ಅಪರೂಪವಲ್ಲ) 1,60,000 ಲೀಟರ್ ನೀರು. ಸಣ್ಣ ಟ್ಯಾಂಕರು 4,000 ಲೀಟರಿನದೆಂದು ಲೆಕ್ಕ ಹಾಕಿದರೆ ನಲವತ್ತು ಟ್ಯಾಂಕರು ನೀರನ್ನು ಒಂದೇ ದಿನ ಕೆಳಗಿನ ತೋಟಕ್ಕೆ ಸುರಿದಂತೆ.

1882ರ ಸುಖಾನುಭೋಗ ಹಕ್ಕುಗಳ ಕಾಯ್ದೆಯ 7ನೇ ಪ್ರಕರಣದ ಉದಾಹರಣೆಗಳಲ್ಲಿ ಮೇಲಿನ ಜಾಗದವನಿಗೆ ಒಂದು ಹಕ್ಕಿದೆ: ಅವನ ಭೂಮಿಯ ಮೇಲೆ ಸಹಜವಾಗಿ ಬಿದ್ದ ನೀರು ಸಹಜವಾಗಿ ಕೆಳಗಿನ ಜಾಗಕ್ಕೆ ಹರಿಯುವುದನ್ನು ಕೆಳಗಿನವನು ತಡೆಯಬಾರದು. ನಮ್ಮ ವ್ಯಾಪಾರಿಗೆ ಈ ವಿಷಯ ಯಾರೋ ಹೇಳಿದ್ದರು, ಅವರೂ ಧೈರ್ಯದಲ್ಲಿದ್ದರು. ಆದರೆ ಆ ಹಕ್ಕಿನ ಜೀವವಿರುವುದು ಸಹಜ ಎಂಬ ಶಬ್ದದಲ್ಲಿ. ನೀವು ಮಣ್ಣು ತುಂಬಿಸಿ ಮಟ್ಟ ಎತ್ತರಿಸಿ, ಇಳಿಜಾರು ಬದಲಿಸಿ, ನೀರನ್ನು ಒಂದೇ ಮೂಲೆಗೆ ಕೂಡಿಸಿ ಬಿಟ್ಟರೆ ಅದು ಸಹಜ ಹರಿವಲ್ಲ. ಅದರಿಂದಾದ ನಷ್ಟಕ್ಕೆ ಕೆಳಗಿನವರು ಪರಿಹಾರ ಕೇಳಬಹುದು. ಗದ್ದೆಗಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಬೆಟ್ಟು, ಮಜಲು, ಬೈಲು ಎಂದು ಮೆಟ್ಟಿಲು ಮೆಟ್ಟಿಲಾಗಿ ನೀರಿಳಿಯುವ ನಮ್ಮ ವ್ಯವಸ್ಥೆಯಲ್ಲಿ ನಡುವಿನ ಒಂದು ಮಜಲನ್ನು ಮೂರಡಿ ಏರಿಸಿದರೆ ಮೇಲಿನವನ ನೀರು ನಿಲ್ಲುತ್ತದೆ, ಕೆಳಗಿನವನಿಗೆ ನುಗ್ಗುತ್ತದೆ. ದೂರು ಎರಡು ಕಡೆಯಿಂದಲೂ ಬರುತ್ತದೆ.

ಕೃತಕ ಹುಲ್ಲಿನ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಹುಲ್ಲಿನ ಅಡಿಯ ಹಾಳೆಯಲ್ಲಿ ನೀರಿಳಿಯುವ ತೂತುಗಳಿರುತ್ತವೆ. ಕೆಳಗೆ ಜಲ್ಲಿ ಮತ್ತು ಮರಳಿನ ಪದರವಿದ್ದರೆ ನೀರು ಇಂಗುತ್ತದೆ. ಕಾಂಕ್ರೀಟು ಇದ್ದರೆ ಇಂಗುವುದಿಲ್ಲ. ಗುತ್ತಿಗೆದಾರರು ಕಾಂಕ್ರೀಟನ್ನು ಇಷ್ಟಪಡುವುದು ಮಟ್ಟ ಸುಲಭವಾಗಿ ಸಿಗುತ್ತದೆಂದು. ಆದುದರಿಂದ ಅಡಿಪಾಯ ಯಾವುದೆಂದು ಕೊಟೇಶನಿನಲ್ಲೇ ಬರೆಸಿಕೊಳ್ಳಬೇಕು. ಬಿಸಿಲಿಗೆ ಅದು ನಿಜವಾದ ಹುಲ್ಲಿಗಿಂತ ಬಹಳ ಹೆಚ್ಚು ಕಾಯುತ್ತದೆಂಬುದನ್ನೂ, ಏಪ್ರಿಲ್ ಮಧ್ಯಾಹ್ನ ಬರಿಗಾಲಿನ ಮಕ್ಕಳನ್ನು ಬಿಡುವಂತಿಲ್ಲವೆಂಬುದನ್ನೂ ಮಾರುವವರು ಹೇಳುವುದಿಲ್ಲ. ಇಂಟರ್‌ಲಾಕಿನ ಕಥೆಯನ್ನು ನನ್ನ ಮನೆಯಿಂದಲೇ ಹೇಳಬಹುದು: ಇಡೀ ಅಂಗಳಕ್ಕೆ ಹಾಸಿ, ಸಂದುಗಳಿಗೂ ಸಿಮೆಂಟು ಮೆತ್ತಿಸಿದೆ. ಎರಡು ಬೇಸಗೆ ಕಳೆಯುವುದರೊಳಗೆ ಎಂದೂ ಬತ್ತದ ಬಾವಿಯ ತಳ ಕಂಡಿತು. ಹಾಸಿದ್ದೇ ಕಾರಣವೆಂದು ಪ್ರಮಾಣ ಮಾಡಲಾರೆ. ಆದರೆ ಬಾವಿಯ ಸುತ್ತಲಿನದನ್ನು ಕೀಳಿಸಿ, ಒಂದು ಇಂಗುಗುಂಡಿ ತೋಡಿಸಿದೆ. ಸಂದಿಗೆ ಸಿಮೆಂಟಿನ ಬದಲು ಬೇಬಿ ಜಲ್ಲಿ ತುಂಬಿಸಿದ್ದರೆ ಅಷ್ಟೂ ಖರ್ಚು ಉಳಿಯುತ್ತಿತ್ತು.

ತೆರಿಗೆಯ ಮುಖ

ಇಲ್ಲಿಯವರೆಗಿನದನ್ನು ವಕೀಲರೂ ಇಂಜಿನಿಯರರೂ ಹೇಳಬಲ್ಲರು. ಯಾರೂ ಹೇಳದೆ ಉಳಿಯುವ, ಎಲ್ಲಕ್ಕಿಂತ ದೊಡ್ಡ ಮೊತ್ತದ ವಿಷಯ ಆದಾಯ ತೆರಿಗೆಯದು.

ಗ್ರಾಮೀಣ ಕೃಷಿ ಭೂಮಿ ಆದಾಯ ತೆರಿಗೆಯ ದೃಷ್ಟಿಯಲ್ಲಿ ಬಂಡವಾಳ ಆಸ್ತಿಯೇ ಅಲ್ಲ. ಮಾರಿದಾಗ ಬಂದ ಲಾಭಕ್ಕೆ ತೆರಿಗೆಯಿಲ್ಲ. ಗ್ರಾಮೀಣ ಎನ್ನಲು ಪುರಸಭೆ ಯಾ ನಗರಸಭೆಯ ಎಲ್ಲೆಯ ಹೊರಗಿರಬೇಕು, ಮತ್ತು ಎಲ್ಲೆಯಿಂದ ನೇರ ಅಂತರದಲ್ಲಿ, ಆ ಪಟ್ಟಣದ ಜನಸಂಖ್ಯೆ 10,000ಕ್ಕಿಂತ ಹೆಚ್ಚಿದ್ದು 1 ಲಕ್ಷದವರೆಗಿದ್ದರೆ 2 ಕಿ.ಮೀ., 10 ಲಕ್ಷದವರೆಗೆ 6 ಕಿ.ಮೀ., ಅದಕ್ಕೂ ಮೇಲಿದ್ದರೆ 8 ಕಿ.ಮೀ. ದಾಟಿರಬೇಕು. ಕಾರ್ಕಳ ಪುರಸಭೆ ಮೊದಲ ವರ್ಗಕ್ಕೆ ಸೇರುತ್ತದೆ. ಅಜೆಕಾರಿನ ಗದ್ದೆ 2 ಕಿ.ಮೀ. ಮಿತಿಯಿಂದ ಎಷ್ಟೋ ಆಚೆಗಿದೆ. ಆದರೆ ಗ್ರಾಮೀಣವಾಗಿದ್ದರಷ್ಟೇ ಸಾಲದು, ಕೃಷಿ ಭೂಮಿಯೂ ಆಗಿರಬೇಕು. ಸರಿಫಾಬಿಬಿ ಪ್ರಕರಣದಲ್ಲಿ 1993ರಲ್ಲಿ ಸರ್ವೋಚ್ಚ ನ್ಯಾಯಾಲಯ ತಿಳಿಸಿದಂತೆ, ಕಂದಾಯ ದಾಖಲೆಯಲ್ಲಿ ಹೇಗಿದೆ, ನಿಜಕ್ಕೂ ಯಾವ ಉಪಯೋಗದಲ್ಲಿತ್ತು, ಪರಿವರ್ತನೆಗೆ ಅನುಮತಿ ಪಡೆಯಲಾಗಿತ್ತೇ, ಮಾರಿದ ಮೇಲೆ ಏನಾಗಲಿದೆ, ಇವೆಲ್ಲವನ್ನೂ ಒಟ್ಟಾಗಿ ತೂಗಬೇಕು. ಪರಿವರ್ತಿಸಿ, ಹುಲ್ಲು ಹಾಸಿ, ನಾಲ್ಕು ವರ್ಷ ಬಾಡಿಗೆ ಎಣಿಸಿದ ಜಾಗವನ್ನು ಕೃಷಿ ಭೂಮಿಯೆಂದು ಹೇಳಲು ಬಾಯಿ ಬರುವುದಿಲ್ಲ.

ಊಹೆಯ ಅಂಕಿಗಳಲ್ಲಿ ನೋಡೋಣ. 5 ಲಕ್ಷ ರೂ.ಗೆ ಕೊಂಡ ಜಾಗ 40 ಲಕ್ಷಕ್ಕೆ ಹೋಯಿತೆನ್ನಿ. ಗದ್ದೆಯಾಗಿಯೇ ಮಾರಿದರೆ ತೆರಿಗೆ ಶೂನ್ಯ. ಅಂಗಣವಾಗಿ ಮಾರಿದರೆ 35 ಲಕ್ಷ ದೀರ್ಘಾವಧಿ ಲಾಭಕ್ಕೆ ಶೇ. 12.5ರಂತೆ 4,37,500 ರೂ., ಶೇ. 4 ಸೆಸ್ ಸೇರಿ 4,55,000 ರೂ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಭೂಮಿಗೆ ನಿವಾಸಿ ವ್ಯಕ್ತಿಗಳು ಸೂಚ್ಯಂಕ ಸಹಿತ ಶೇ. 20ರ ಲೆಕ್ಕವನ್ನೂ ಹೋಲಿಸಿ ಕಡಿಮೆಯಾದುದನ್ನು ಕಟ್ಟಬಹುದು. ಅಂತೂ ಶೂನ್ಯವಂತೂ ಆಗುವುದಿಲ್ಲ. ಅಂಗಣದ ಲಾಭ ನಷ್ಟದ ಪಟ್ಟಿ ಮಾಡುವಾಗ ಈ ಮೊತ್ತವನ್ನು ಬರೆದವರನ್ನು ನಾನು ಈವರೆಗೆ ಕಂಡಿಲ್ಲ. ಇದರಿಂದಾಗಿಯೇ, ಹತ್ತು ಸೆಂಟ್ಸ್ ಸಾಕಾಗುವಲ್ಲಿ ನಲವತ್ತನ್ನೂ ಪರಿವರ್ತಿಸಬೇಡಿ ಎಂದು ಹೇಳುತ್ತೇನೆ. ಸಾಮಾನ್ಯ ಸಣ್ಣ ಅಂಗಣಕ್ಕೆ 100 ಅಡಿ ಉದ್ದ 60 ಅಡಿ ಅಗಲ, ಅಂದರೆ ಹದಿನಾಲ್ಕು ಸೆಂಟ್ಸಿಗೂ ಕಡಿಮೆ ಸಾಕು. ವಾಹನ ನಿಲ್ದಾಣ ಸೇರಿಸಿದರೂ ಇಪ್ಪತ್ತು ದಾಟದು. ಉಳಿದ ಇಪ್ಪತ್ತರಲ್ಲಿ ಅಡಿಕೆಯೋ ತರಕಾರಿಯೋ ಇದ್ದು ಪಹಣಿಯಲ್ಲಿ ಬೆಳೆ ದಾಖಲಾಗಿದ್ದರೆ ಆ ಭಾಗದ ವಿನಾಯಿತಿ ಉಳಿಯುತ್ತದೆ.

ಸವಕಳಿಯ ವಿಷಯ: ಆದಾಯ ತೆರಿಗೆ ನಿಯಮಗಳಲ್ಲಿ ಕಟ್ಟಡ ಎಂಬುದರಲ್ಲಿ ರಸ್ತೆಗಳೂ ಸೇರುವುದರಿಂದ, ವ್ಯವಹಾರದ ಜಾಗದಲ್ಲಿ ನೆಲಕ್ಕೆ ಮಾಡಿದ ಜಲ್ಲಿ, ಕಾಂಕ್ರೀಟು, ಇಂಟರ್‌ಲಾಕ್ ಕೆಲಸಕ್ಕೆ ಶೇ. 10ರ ದರ ಸುರಕ್ಷಿತ. ಹುಲ್ಲಿನ ಹಾಸನ್ನು ಅಂಗಣದ ವ್ಯವಹಾರದಲ್ಲಿ ಯಂತ್ರಸ್ಥಾವರವೆಂದು ಶೇ. 15ರಲ್ಲಿ ಕೇಳಬಹುದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದೇ ಆ ವ್ಯವಹಾರದ ಉಪಕರಣ. ಎಲ್ಲ ಅಧಿಕಾರಿಗಳೂ ಒಪ್ಪುತ್ತಾರೆಂದು ಭರವಸೆ ಕೊಡಲಾರೆ. ಮನೆಯಂಗಳದ ಖರ್ಚನ್ನು ಅಂಗಡಿಯ ಲೆಕ್ಕಕ್ಕೆ ಹಾಕುವ ಪದ್ಧತಿಯನ್ನು ದಯವಿಟ್ಟು ಬಿಡಿ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಸ್ಥಾನಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬರುವಂತೆ ಮಾಡಲಾಗಿದೆ. ಪ್ರಕರಣಗಳ ಸಂಖ್ಯೆ ಬದಲಾಗುತ್ತದೆ, ಹಳೆಯ ಸಂಖ್ಯೆ ಹಿಡಿದು ಪತ್ರ ಬರೆಯಬೇಡಿ.

ಕೊನೆಗೆ ಅವರು ಕೇಳಿದ ಜಿಎಸ್‌ಟಿ. ಕೃತಕ ಹುಲ್ಲು ಪ್ಲಾಸ್ಟಿಕಿನ ಅಧ್ಯಾಯಕ್ಕೆ ಸೇರುವುದಿಲ್ಲ, ರತ್ನಗಂಬಳಿ ಮತ್ತು ನೆಲಹಾಸುಗಳ 57ನೇ ಅಧ್ಯಾಯಕ್ಕೆ, 5703 ಎಂಬ ಶೀರ್ಷಿಕೆಗೆ ಸೇರುತ್ತದೆ. 2022ರ ಜನವರಿಯಿಂದ ಅದರಲ್ಲಿ ಟರ್ಫ್‌ಗೆ ಪ್ರತ್ಯೇಕ ಉಪಶೀರ್ಷಿಕೆಯೂ ಇದೆ. ಕಾಂಕ್ರೀಟಿನ ಇಂಟರ್‌ಲಾಕ್ 6810. 2025ರ ಸೆಪ್ಟೆಂಬರ್ 22ರಂದು ದರಗಳು ವ್ಯಾಪಕವಾಗಿ ಪರಿಷ್ಕರಣೆಯಾಗಿರುವುದರಿಂದ ಹಳೆಯ ಬಿಲ್ಲಿನ ದರವನ್ನು ನಕಲು ಮಾಡಬಾರದು. ಇದಕ್ಕಿಂತ ಮುಖ್ಯವಾದುದು ಹೂಡುವಳಿ ತೆರಿಗೆಯ ಜಮೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5) ಪ್ರಕರಣದಂತೆ ಸ್ವಂತಕ್ಕಾಗಿ ಮಾಡುವ ಸ್ಥಿರಾಸ್ತಿ ನಿರ್ಮಾಣಕ್ಕೆ ಜಮೆ ಸಿಗದು. 2024ರ ಅಕ್ಟೋಬರಿನಲ್ಲಿ ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ವಲ್ಪ ಬಾಗಿಲು ತೆರೆದಿತ್ತು. 2025ರ ಹಣಕಾಸು ಕಾಯ್ದೆ ಒಂದು ಶಬ್ದವನ್ನು 2017ರ ಜುಲೈಗೆ ಪೂರ್ವಾನ್ವಯವಾಗಿ ಬದಲಿಸಿ ಅದನ್ನು ಮುಚ್ಚಿತು. ಹೀಗಾಗಿ ಮಣ್ಣು, ಜಲ್ಲಿ, ಕಾಂಕ್ರೀಟು, ಆವರಣದ ಗೋಡೆ ಇವುಗಳ ತೆರಿಗೆ ನಿಮ್ಮ ಖರ್ಚೇ. ಬಿಚ್ಚಿ ಸುತ್ತಿ ಬೇರೆಡೆಗೆ ಒಯ್ಯಬಹುದಾದ ಹುಲ್ಲಿನ ಸುರುಳಿ, ಬಲೆ, ಗೋಲು ಕಂಬ, ದೀಪಗಳ ವಿಷಯದಲ್ಲಿ ಜಮೆ ಕೇಳಲು ವಾದವಿದೆ. ಬಾಡಿಗೆಯ ಸೇವೆಗೆ ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂ.; ಅಂಗಡಿಯ ವಹಿವಾಟೂ ಅದೇ ಪಾನ್‌ನದಾದರೆ ಎರಡನ್ನೂ ಕೂಡಿಸಬೇಕು.

ದೀಪದ ಮಾತು ಬಂದುದರಿಂದ: ಕೃಷಿ ಪಂಪಿನ ಸಂಪರ್ಕದಿಂದ ಅಂಗಣದ ದೀಪಕ್ಕೆ ತಂತಿ ಎಳೆದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಪ್ರಕರಣದಂತೆ ಅನಧಿಕೃತ ಬಳಕೆಯೆಂದು ಅನ್ವಯ ದರದ ಎರಡು ಪಟ್ಟು ವಸೂಲಿ ಮಾಡಬಹುದು. ಮೆಸ್ಕಾಂನಿಂದ ಪ್ರತ್ಯೇಕ ವಾಣಿಜ್ಯ ಸಂಪರ್ಕ ಪಡೆಯಬೇಕು, ಅದಕ್ಕೂ ಜಾಗದ ದಾಖಲೆ ಕೇಳುತ್ತಾರೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಶಬ್ದದ ಮಿತಿ 45 ಡೆಸಿಬೆಲ್ ಎಂದು 2000ದ ನಿಯಮಗಳಿವೆ. ಹನ್ನೊಂದು ಗಂಟೆಯ ಕ್ರಿಕೆಟಿಗೆ ಮುಂಗಡ ಹಣ ತೆಗೆದುಕೊಳ್ಳುವ ಮೊದಲು ಇದು ಗೊತ್ತಿರಲಿ.

ನಮ್ಮ ವ್ಯಾಪಾರಿ ಮನೆಯಂಗಳದ ಕೆಲಸವನ್ನು ಜಲ್ಲಿ ಅಡಿಪಾಯದಲ್ಲಿ ಮಾಡಿಸಿದ್ದಾರೆ. ಗದ್ದೆಯ ಬದಿಗೆ ತೋಡು ತೆಗೆಸಿ, ಹರಿವು ಮೊದಲಿನ ದಿಕ್ಕಿಗೇ ಹೋಗುವಂತೆ ಮಾಡಿಕೊಟ್ಟ ಮೇಲೆ ನೆರೆಯವರು ದೂರು ಹಿಂದೆಗೆದುಕೊಂಡರು. ಇಪ್ಪತ್ತು ಸೆಂಟ್ಸಿಗೆ 11-ಇ ನಕ್ಷೆಯ ಅರ್ಜಿ ಹಾಕಿದ್ದಾರೆ. ಮೋಜಣಿಯವರು ಇನ್ನೂ ಬಂದಿಲ್ಲ.